ಸೂಜಿಗೆ ಬಂದದ್ದು ನೀರಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ಉಡುಪಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಮಲ್ಪೆ ಬಂದರಿನ ಮೀನುಗಾರರು ಹೆಚ್ಚು. ಹಾಗೆ ಬಂದವರೊಬ್ಬರಿಗೆ ಮೂವತ್ತರ ಆಸುಪಾಸು. "ನೋವಿಲ್ಲ ಡಾಕ್ಟ್ರೇ, ಹಿಂದಿನ ಹಲ್ಲಿನ ಕಡೆಯಿಂದ ಎಂತದೋ ಒಸರ್ತದೆ, ಬಾಯಿ ಕಹಿ" ಅಂದರು. ಮುಖದಲ್ಲಿ ಊತವೇನೂ ಇರಲಿಲ್ಲ.

ಒಪಿಜಿ, ಅಂದರೆ ಇಡೀ ದವಡೆಯ ಎಕ್ಸ್-ರೇ, ತೆಗೆಸಿದೆ. ಕೆಳದವಡೆಯಲ್ಲಿ ಅಡ್ಡಬಿದ್ದ ಬುದ್ಧಿಹಲ್ಲು, ಅದರ ಸುತ್ತ ಕಪ್ಪು ಪೊಳ್ಳು, ಅಂಚಿಗೆ ತೆಳು ಬಿಳಿ ಗೆರೆ. ಮೂಳೆಯೊಳಗೇ ಉಳಿದ ಹಲ್ಲಿನ ತಲೆಯನ್ನು ಸುತ್ತಿ, ಕುತ್ತಿಗೆಗೆ ಅಂಟಿಕೊಂಡು ಬೆಳೆಯುವ ಚೀಲವೇ ಡೆಂಟಿಜೆರಸ್ ಸಿಸ್ಟ್. ಇದೂ ಅದೇ ಎಂದು ಅವರಿಗೆ ಹೇಳಿಬಿಟ್ಟೆ. ಅವಸರ ನನ್ನದೇ. ಪೊಳ್ಳು ದವಡೆಯ ಉದ್ದಕ್ಕೆ ಹರಿದಿತ್ತು, ಮೂಳೆ ಮಾತ್ರ ಹೊರಗೆ ಉಬ್ಬಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಜಾಗ ಮರಗಟ್ಟಿಸಿ ದಪ್ಪ ಸೂಜಿ ಚುಚ್ಚಿದೆ. ಡೆಂಟಿಜೆರಸ್ ಆಗಿದ್ದರೆ ಒಣಹುಲ್ಲಿನ ಬಣ್ಣದ ತಿಳಿನೀರು ಸಲೀಸಾಗಿ ಬರಬೇಕು. ಇಲ್ಲಿ ಪಿಸ್ಟನ್ ಜಗ್ಗಲೇ ಇಲ್ಲ. ಬಲವಾಗಿ ಎಳೆದ ಮೇಲೆ ಬಂದದ್ದು ನೀರು ಬಸಿದ ಮೊಸರಿನಂಥ ಬಿಳಿ ಮುದ್ದೆ, ಕೆರಾಟಿನ್; ಉಗುರು, ಕೂದಲಲ್ಲಿರುವ ಪ್ರೋಟೀನ್. ಚೀಲದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆ. ವರದಿ ಬಂತು: ಒಡಾಂಟೋಜೆನಿಕ್ ಕೆರಾಟೋಸಿಸ್ಟ್, ಅಂದರೆ ಹಲ್ಲು ಹುಟ್ಟಿಸುವ ಅಂಗಾಂಶದಿಂದ ಬೆಳೆದ, ಕೆರಾಟಿನ್ ತುಂಬಿದ ಸಿಸ್ಟ್.

ನಾವು ದಿನಾ ನೋಡುವ ರಾಡಿಕ್ಯುಲರ್ ಸಿಸ್ಟ್ ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟುತ್ತದೆ. ಸಣ್ಣದಿದ್ದರೆ ಎಷ್ಟೋ ಸಲ ರೂಟ್ ಕೆನಾಲ್‌ಗೇ ಗುಣವಾಗುತ್ತದೆ. ಕೆರಾಟೋಸಿಸ್ಟ್ ಹಾಗಲ್ಲ. ಹಲ್ಲು ರೂಪುಗೊಂಡ ಮೇಲೂ ದವಡೆಯಲ್ಲಿ ಉಳಿದ ಡೆಂಟಲ್ ಲ್ಯಾಮಿನಾದ, ಅಂದರೆ ಹಲ್ಲು ಹುಟ್ಟಿಸುವ ಆ ಅಂಗಾಂಶದ, ತುಣುಕುಗಳೇ ಇದರ ಮೂಲ. ಚೀಲದ ಒಳಪದರ ಕೆಲವೇ ಜೀವಕೋಶಗಳಷ್ಟು ದಪ್ಪ, ಹಿಡಿದರೆ ಹರಿಯುತ್ತದೆ. ಗೋಡೆಯಲ್ಲಿ ಮರಿ ಸಿಸ್ಟ್‌ಗಳೂ ಇರಬಹುದು. ಚೂರು ಉಳಿದರೂ ಮತ್ತೆ ಬೆಳೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಟ್ಯೂಮರ್‌ಗಳ (ಗೆಡ್ಡೆಗಳ) ಸಾಲಿಗೆ ಸೇರಿಸಿ, 2017ರಲ್ಲಿ ಮರಳಿ ಸಿಸ್ಟ್ ಎಂದಿತು. ನನ್ನ ಕೈ ಮಾತ್ರ ಅದನ್ನು ಈಗಲೂ ಟ್ಯೂಮರ್ ಎಂದೇ ತಿಳಿದು ಕೆಲಸ ಮಾಡುತ್ತದೆ.

ಹಲ್ಲನ್ನೂ ಚೀಲವನ್ನೂ ತೆಗೆದು, ಸುತ್ತಲಿನ ಮೂಳೆಯನ್ನು ಬರ್‌ನಿಂದ (ಡ್ರಿಲ್‌ನ ತಿರುಗುವ ತುದಿಯಿಂದ) ಒಂದೆರಡು ಮಿಲಿಮೀಟರ್ ಕೆರೆದೆ. ತಳದಲ್ಲಿ ತುಟಿಯ ನರ ಬಿಳಿ ದಾರದಂತೆ ಕಾಣುತ್ತಿತ್ತು. ಅಲ್ಲಿ ಬರ್ ಇಡಲಿಲ್ಲ. ಚೀಲವನ್ನು ಎಳೆಎಳೆಯಾಗಿ ಕೈಯಲ್ಲೇ ಬಿಡಿಸಿದೆ. ಅರ್ಧ ಗಂಟೆ ಅದಕ್ಕೇ ಹೋಯಿತು. ತುಟಿ ಎರಡು ತಿಂಗಳು ಜೋಮು ಹಿಡಿದಂತಿತ್ತು, ಆಮೇಲೆ ಸ್ಪರ್ಶ ಮರಳಿತು.

ಮರುಕಳಿಸುವುದು ಹೆಚ್ಚಾಗಿ ಮೊದಲ 5 ವರ್ಷಗಳಲ್ಲಿ, ಹತ್ತು ವರ್ಷದ ಮೇಲೆ ಬಂದದ್ದೂ ಉಂಟು. ಮೊದಲ ವರ್ಷ ಆರು ತಿಂಗಳಿಗೊಮ್ಮೆ ನೋಡಿದೆ. ಈಗ ಪ್ರತಿ ಜೂನ್‌ನಲ್ಲಿ, ಬೋಟು ಬಂದರು ಸೇರಿದ ವಾರವೇ ಅವರು ಬರುತ್ತಾರೆ. ಈ ಸಲ ನಾಲ್ಕನೇ ಜೂನ್. ಪೊಳ್ಳಿದ್ದಲ್ಲಿ ಮೂಳೆ ತುಂಬಿದೆ.