ಎಡಗೈ ನಂಬಲು ಕಲಿತಿದ್ದು: ನಾನ್‌ಜಿಂಗ್‌ನಲ್ಲಿ ಸೂಜಿ ಹಿಡಿದ ನನ್ನ ಅನುಭವ

ಆಕ್ಯುಪಂಕ್ಚರ್ ಕಲಿಯಲು ಹೋದಾಗ ನನ್ನ ಮೊದಲ ಸೂಜಿ ಹೋಗಿದ್ದು ನನ್ನ ಕಾಲಿಗೇ. ಚೀನಾದ ನಾನ್‌ಜಿಂಗ್‌ನ ಹಾಸ್ಟೆಲ್ ರೂಮು, ರಾತ್ರಿ ಹತ್ತು ಗಂಟೆ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಮಂಡಿಚಿಪ್ಪಿನ ಕೆಳಗೆ ಹೊರಬದಿಗೆ ಒಂದು ಸಣ್ಣ ಗುಳಿ ಇರುತ್ತದಲ್ವಾ, ಅಲ್ಲಿಂದ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು ಕೆಳಗೆ ಬರಬೇಕು, ಆಮೇಲೆ ಮುಂದುಗಡೆ ಕೈಗೆ ಸಿಗುವ ಎಲುಬಿನ ಅಂಚಿನಿಂದ ಒಂದು ಬೆರಳು ಆಚೆ ಸರಿಯಬೇಕು. ಅದೇ ಝೂಸಾನ್‌ಲಿ. 'ಕಾಲಿನ ಮೂರು ಲಿ' ಅಂತ ಅರ್ಥ. ಒಂದು ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರ್. ನಡೆದು ನಡೆದು ಸೋತವನಿಗೆ ಅಲ್ಲಿ ಚುಚ್ಚಿದರೆ ಇನ್ನೂ ಮೂರು ಲಿ ನಡೆಯುತ್ತಾನೆ ಅನ್ನೋದು ಅಲ್ಲಿನವರ ಮಾತು.

ಚರ್ಮ ದಾಟಿದ್ದು ಗೊತ್ತೇ ಆಗಲಿಲ್ಲ. ಮೆಲ್ಲಗೆ ಒಳಗೆ ಬಿಡುತ್ತಾ ಹೋದೆ. ಸುಮಾರು ಒಂದು ಇಂಚು ಹೋದಾಗ ಇದ್ದಕ್ಕಿದ್ದ ಹಾಗೆ ಒಂದು ಭಾರ. ನೋವು ಅನ್ನುವ ಹಾಗಿಲ್ಲ. ತುಂಬಾ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತಾಗ ಜೋಮು ಹಿಡಿಯುತ್ತದಲ್ಲ, ಆ ಥರ, ಆದರೆ ಇನ್ನೂ ಆಳದಲ್ಲಿ, ಒಳಗಿನಿಂದ ಉಬ್ಬಿ ಬಂದ ಹಾಗೆ, ಆಮೇಲೆ ಅದು ನಿಧಾನಕ್ಕೆ ಪಾದದ ಕಡೆ ಇಳಿಯಿತು. ಅದೇ ಹೊತ್ತಿಗೆ ನನ್ನ ಬೆರಳಿಗೂ ಗೊತ್ತಾಯಿತು. ಸೂಜಿಯನ್ನು ಒಳಗಿನಿಂದ ಏನೋ ಹಿಡಿದುಕೊಂಡಿತ್ತು.

ಇದಕ್ಕೆ ಅವರು ದೆಚಿ ಅನ್ನುತ್ತಾರೆ, ಚಿ (ಮೈಯಲ್ಲಿ ಹರಿಯುತ್ತದೆ ಅಂತ ಅವರು ನಂಬುವ ಪ್ರಾಣಶಕ್ತಿ) ಸಿಕ್ಕಿತು ಅಂತ. ರೋಗಿಯ ಬಾಯಲ್ಲಿ ನಾಲ್ಕು ಮಾತು ಬರುತ್ತದೆ: ಸುವಾನ್, ಮಾ, ಝಾಂಗ್, ಝೋಂಗ್. ಹುಳಿ, ಜೋಮು, ಉಬ್ಬು, ಭಾರ. ಮೈನೋವಿಗೆ ಹುಳಿ ಅನ್ನೋದು ನಮ್ಮಲ್ಲಿಲ್ಲ. ಆದರೆ ಆ ರಾತ್ರಿ ಅರ್ಥವಾಯಿತು. ಹುಣಸೆಕಾಯಿ ಕಚ್ಚಿದಾಗ ಹಲ್ಲು ಜುಮ್ ಅನ್ನುತ್ತದಲ್ಲ, ಅದೇ ಕಾಲಿನ ಮಾಂಸಖಂಡದಲ್ಲಿ ಆದ ಹಾಗೆ. ಚುಚ್ಚುವವರ ಕೈಗೆ ಹೇಗನ್ನಿಸುತ್ತದೆ ಅನ್ನೋದನ್ನು ಅವರ ಹಳೆಯ ಪದ್ಯವೊಂದು ಮೀನು ಗಾಳ ನುಂಗುವುದಕ್ಕೆ ಹೋಲಿಸುತ್ತದೆ. ನಾನು ಬೆಳೆದಿದ್ದು ನೇತ್ರಾವತಿ ದಂಡೆಯಲ್ಲಿ. ಗಾಳ ಹಾಕಿ ಗಂಟೆಗಟ್ಟಲೆ ಕೂತು, ದಾರ ಬೆರಳಿಗೆ ಸುತ್ತಿಕೊಂಡು, ಆ ಒಂದು ಎಳೆತಕ್ಕೆ ಕಾದ ಕೈ ಇದು. ಹಾಗಾಗಿ ಈ ಹೋಲಿಕೆಯನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಓದಿದ್ದು ದಕ್ಷಿಣ ಕನ್ನಡದಲ್ಲಿ, ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ. ಅದರಲ್ಲಿ ಆಕ್ಯುಪಂಕ್ಚರ್ ಒಂದು ವಿಷಯ. ಪುಸ್ತಕ ಓದಿ ಪರೀಕ್ಷೆ ಬರೆದು ಪಾಸಾದೆ, ಆದರೆ ಕೈಗೆ ಧೈರ್ಯ ಬಂದಿರಲಿಲ್ಲ. ಅದಕ್ಕೇ ಮೂರು ತಿಂಗಳ ತರಬೇತಿಗೆ ನಾನ್‌ಜಿಂಗ್‌ಗೆ ಹೋದೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 1975ರಲ್ಲಿ ವಿದೇಶಿಯರಿಗೆ ಈ ವಿದ್ಯೆ ಕಲಿಸಲು ಮೂರು ಊರಲ್ಲಿ ಕೇಂದ್ರ ತೆರೆದರು: ಬೀಜಿಂಗ್, ಶಾಂಘೈ, ನಾನ್‌ಜಿಂಗ್. ನನಗೆ ನಾನ್‌ಜಿಂಗ್ ಸಿಕ್ಕಿತು.

ಮೊದಲ ಎರಡು ವಾರ ಮನುಷ್ಯರ ಮೈ ಮುಟ್ಟಲು ಬಿಡಲೇ ಇಲ್ಲ. ಒರಟು ಕಾಗದವನ್ನು ಮಡಿಚಿ ಮಡಿಚಿ, ಸೋಪಿನ ಬಿಲ್ಲೆಯಷ್ಟು ಮಾಡಿ, ದಾರದಿಂದ ಬಿಗಿಯಾಗಿ ಕಟ್ಟಿ ಕೊಟ್ಟರು. ಅದಕ್ಕೆ ಚುಚ್ಚಬೇಕು, ದಿನಾ, ನೂರಾರು ಸಲ. ಸೂಜಿ 0.25 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದ. ಇಂಜೆಕ್ಷನ್ ಸೂಜಿ ಇದರ ಎರಡರಷ್ಟಾದರೂ ದಪ್ಪ ಇರುತ್ತದೆ, ಟೊಳ್ಳು ಬೇರೆ, ತುದಿ ಚೂರಿಯ ಹಾಗೆ ಕತ್ತರಿಸುತ್ತದೆ. ಇದು ಗಟ್ಟಿ ತಂತಿ, ತುದಿ ಚೂಪು ಆದರೆ ನಯ, ದಾರಿ ಬಿಡಿಸಿಕೊಂಡು ಹೋಗುತ್ತದೆ. ಒತ್ತಿದರೆ ಬಾಗುತ್ತದೆ. ನನ್ನ ಮೊದಲ ದಿನದ ಸೂಜಿಗಳೆಲ್ಲ ಬಿಲ್ಲಿನ ಹಾಗೆ ಬಾಗಿದ್ದವು. ಬಲ ಹಾಕಬೇಕಾದ್ದು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ, ತೋಳಿನಲ್ಲಲ್ಲ. ಕಾಗದ ಆದಮೇಲೆ ಬಟ್ಟೆ ಸುತ್ತಿದ ಹತ್ತಿಯುಂಡೆ, ಅದಾದಮೇಲೆ ಸ್ವಂತ ಮೈ.

ನಮಗೆ ಕಲಿಸುತ್ತಿದ್ದ ಲಾವ್‌ಶಿ (ಗುರುಗಳನ್ನು ಅಲ್ಲಿ ಹಾಗೇ ಕರೆಯೋದು) ಐವತ್ತು ದಾಟಿದ ಹೆಂಗಸು. ಅವರು ನನ್ನ ಬಲಗೈ ನೋಡುತ್ತಲೇ ಇರಲಿಲ್ಲ. ಎಡಗೈ ಎಲ್ಲಿದೆ ಅಂತ ನೋಡುತ್ತಿದ್ದರು. ಸೂಜಿ ಬಲ್ಲವನು ಎಡಗೈ ನಂಬುತ್ತಾನೆ, ಅರಿಯದವನು ಬಲಗೈ ನಂಬುತ್ತಾನೆ ಅಂತ ಒಂದು ಹಳೆಯ ಮಾತಿದೆ. ನಾನು ಇಡೀ ಮೂರು ತಿಂಗಳಲ್ಲಿ ಕಲಿತಿದ್ದು ಅದನ್ನೇ. ಪುಸ್ತಕದ ಅಳತೆ ನಿಮ್ಮನ್ನು ಆ ಬೀದಿಗೆ ಕರೆದುಕೊಂಡು ಹೋಗುತ್ತದೆ ಅಷ್ಟೆ, ಮನೆ ಹುಡುಕೋದು ಎಡಗೈ ಬೆರಳು. ಒತ್ತುತ್ತಾ ಹೋದರೆ ಒಂದು ಕಡೆ ಮಾಂಸ ಗಂಟು ಕಟ್ಟಿರುತ್ತದೆ, ಇಲ್ಲಾ ಮೆತ್ತಗೆ ಕುಸಿಯುತ್ತದೆ, ಇಲ್ಲಾ ರೋಗಿ 'ಆಯ್' ಅನ್ನುತ್ತಾರೆ. ಅಲ್ಲೇ.

ಸಾಂಗ್ ರಾಜರ ಕಾಲದಲ್ಲಿ, 1027ರಲ್ಲಿ, ವಾಂಗ್ ವೇಯಿ ಎಂಬ ವೈದ್ಯ ಆಳೆತ್ತರದ ಎರಡು ಕಂಚಿನ ಗೊಂಬೆ ಮಾಡಿಸಿದ್ದ. ಮೈ ತುಂಬಾ ತೂತು, ಒಂದೊಂದು ತೂತೂ ಸೂಜಿ ಚುಚ್ಚುವ ಒಂದೊಂದು ಬಿಂದು. ಪರೀಕ್ಷೆ ದಿನ ಮೇಲೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ಹೊರಗೆ ಬರಬೇಕು. ಬರದಿದ್ದರೆ ಫೇಲು. ಜಾಗ ಹುಡುಕುವುದಕ್ಕೆ ಅವರು ಎಷ್ಟು ಬೆಲೆ ಕೊಟ್ಟಿದ್ದರು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿ ಹರಿಯುವ ದಾರಿ 14, ಅವುಗಳ ಮೇಲೆ 361 ಬಿಂದು. ಎಲ್ಲಾ ನೆನಪಿಡೋದು ಹೇಗೆ ಅಂತ ಹೆದರಬೇಡಿ, ಮಗ್ಗಿ ಥರ ಹಾಡಿದೆ. ಹೊಟ್ಟೆಗೆ ಸಾನ್‌ಲಿ, ಸೊಂಟ ಬೆನ್ನಿಗೆ ಮಂಡಿ ಹಿಂದಿನ ವೇಝೋಂಗ್, ತಲೆ ಕುತ್ತಿಗೆಗೆ ಮಣಿಕಟ್ಟಿನ ಲಿಯೆಚ್ಯುಯೆ, ಮುಖ ಬಾಯಿಗೆ ಹೆಬ್ಬೆರಳ ಸಂದಿಯ ಹೆಗು. ಇದನ್ನು ನಾನು ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ.

ಹೊರರೋಗಿ ವಿಭಾಗದಲ್ಲಿ ಒಂದು ಬೆಳಿಗ್ಗೆ ಟ್ಯಾಕ್ಸಿ ಡ್ರೈವರ್ ಒಬ್ಬ ಬಂದ. ಮಲಗಿ ಎದ್ದಾಗ ಕುತ್ತಿಗೆ ಹಿಡಿದುಕೊಂಡಿದೆ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದ. ಲಾವ್‌ಶಿ ಕುತ್ತಿಗೆ ಮುಟ್ಟಿ ನೋಡಿದರು, ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು. ಸೂಜಿ ಹಾಕಿದ್ದು ಮಾತ್ರ ಅಂಗೈ ಹಿಂಬದಿಗೆ, ತೋರುಬೆರಳು ಮಧ್ಯದ ಬೆರಳಿನ ಗಿಣ್ಣಿನ ಸ್ವಲ್ಪ ಹಿಂದೆ. ಒಂದೇ ಸೂಜಿ. ಅದನ್ನು ತಿರುಗಿಸುತ್ತಾ "ನಿಧಾನಕ್ಕೆ ಕುತ್ತಿಗೆ ಆಡಿಸಿ, ಎಡಕ್ಕೆ, ಈಗ ಬಲಕ್ಕೆ" ಅನ್ನುತ್ತಿದ್ದರು. ಹತ್ತು ನಿಮಿಷಕ್ಕೆ ಅವನು ಭುಜದ ಮೇಲಿಂದ ಹಿಂದೆ ನೋಡಿ ನಕ್ಕ. ಕುತ್ತಿಗೆ ಹಿಡಿತ ತಾನಾಗಿಯೂ ಎರಡು ಮೂರು ದಿನಕ್ಕೆ ಬಿಡುತ್ತದೆ, ಅದು ನನಗೆ ಗೊತ್ತು. ಆದರೂ ಆ ದಿನ ಅವನು ಕೆಲಸಕ್ಕೆ ಹೋದ.

ಎಲ್ಲವೂ ಹೀಗೆ ಚೆನ್ನಾಗಿ ನಡೆಯಲಿಲ್ಲ. ಒಬ್ಬ ಕಾಲೇಜು ಹುಡುಗ, ಭುಜ ನೋವು, ಸ್ಟೂಲ್ ಮೇಲೆ ಕೂರಿಸಿಯೇ ಸೂಜಿ ಹಾಕಿದೆ. ಎರಡನೆಯದು ಹಾಕುವಷ್ಟರಲ್ಲಿ ಅವನ ಮುಖ ಸುಣ್ಣ ಬಳಿದ ಹಾಗೆ ಬಿಳುಚಿ, ಹಣೆ ತುಂಬಾ ಬೆವರು, ನನ್ನ ಮೇಲೇ ವಾಲಿದ. ನನ್ನ ಕೈಕಾಲು ಆಡಲಿಲ್ಲ. ಲಾವ್‌ಶಿ ಬಂದು ಸೂಜಿ ಕಿತ್ತು, ಮಲಗಿಸಿ, ಕಾಲಡಿ ದಿಂಬು ಇಟ್ಟರು. ಎಚ್ಚರ ಆದಮೇಲೆ ಬೆಚ್ಚಗಿನ ಸಕ್ಕರೆ ನೀರು. ಐದು ನಿಮಿಷಕ್ಕೆ ಸರಿಯಾದ. ಆಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ತಿಂಡಿ ತಿಂದಿದ್ದಾನಾ ಅಂತ ಕೇಳಿದ್ರಾ?" ಕೇಳಿರಲಿಲ್ಲ. ಇವತ್ತಿಗೂ ನನ್ನ ಮೊದಲ ಮಾತು ಅದೇ. ಹೊಸಬರನ್ನು ಕೂರಿಸಿ ಚುಚ್ಚುವುದೂ ಇಲ್ಲ, ಮಲಗಿಸಿಯೇ.

ಇದು ಕೆಲಸ ಮಾಡೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಚೀನೀಯರ ಉತ್ತರ ಸರಳ. ಮೈಯಲ್ಲಿ ಚಿ ಹರಿಯುತ್ತದೆ, ಹರಿಯದಿದ್ದರೆ ನೋಯುತ್ತದೆ. ಅಡಿಕೆ ತೋಟದ ಕಣಿಯಲ್ಲಿ ಸೋಗೆ ಸಿಕ್ಕಿಕೊಂಡು ನೀರು ಕಟ್ಟಿಕೊಂಡ ಹಾಗೆ. ಸೂಜಿ ಆ ಕಸ ಬಿಡಿಸುತ್ತದೆ. ಆದರೆ ಹೆಣ ಕೊಯ್ದು ನೋಡಿದವರಿಗೆ ಈ 14 ದಾರಿಗಳು ಕಾಣಿಸಿಲ್ಲ. ನಾನು ಅದನ್ನು ನಕ್ಷೆಯ ಹಾಗೆ ಬಳಸುತ್ತೇನೆ, ಅಂಗರಚನೆ ಅಂತ ಅಲ್ಲ. ಪ್ರಯೋಗಶಾಲೆಯಲ್ಲಿ ಕಂಡಿದ್ದು ಬೇರೆ. ಬೀಜಿಂಗ್‌ನ ಹಾನ್ ಜಿಶೆಂಗ್ 1965ರಿಂದ ಇದರ ಹಿಂದೆ ಬಿದ್ದವರು. ಸೂಜಿಗೆ ಸಣ್ಣ ಕರೆಂಟ್ ಕೊಟ್ಟಾಗ ಮಿದುಳು, ಬೆನ್ನುಹುರಿ ತಮ್ಮದೇ ನೋವು ನಿವಾರಕ ಬಿಡುತ್ತವೆ, ಸೆಕೆಂಡಿಗೆ 2 ಸಲ ಮಿಡಿದರೆ ಒಂದು ಬಗೆಯದು, 100 ಸಲ ಮಿಡಿದರೆ ಇನ್ನೊಂದು ಬಗೆಯದು ಅಂತ ತೋರಿಸಿದರು. ಅಫೀಮಿನ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟರೆ ಈ ನೋವು ಶಮನವೂ ಇಳಿಯುತ್ತದೆ. ಸೂಜಿಯನ್ನು ಒಳಗಿನಿಂದ ಹಿಡಿದುಕೊಂಡಿದ್ದು ಏನು ಅನ್ನುವುದಕ್ಕೆ ಅಮೆರಿಕದ ಹೆಲೆನ್ ಲ್ಯಾಂಜೆವಿನ್ ಅವರ ಕೆಲಸದಲ್ಲಿ ಉತ್ತರ ಸಿಕ್ಕಿತು: ತಿರುಗಿಸಿದಾಗ ಚರ್ಮದ ಕೆಳಗಿನ ನಾರುಗಳು ತಕಲಿಗೆ ನೂಲು ಸುತ್ತಿದ ಹಾಗೆ ಸೂಜಿಗೆ ಸುತ್ತಿಕೊಳ್ಳುತ್ತವೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಜರ್ಮನಿಯಲ್ಲಿ 1162 ಸೊಂಟನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ 47.6 ಶೇಕಡಾ ಜನರಿಗೆ ಗುಣ ಕಂಡಿತು. ಬೇಕೆಂದೇ ಬೇರೆ ಜಾಗಕ್ಕೆ, ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆಯಲ್ಲಿ 27.4. ಅಂದರೆ ಸೂಜಿ ನೆರವಾಗುತ್ತದೆ, ಆದರೆ ಬಿಂದು ಬಿಟ್ಟು ಬೇರೆ ಕಡೆ ಚುಚ್ಚಿದರೂ ಸೊಂಟನೋವಿಗೆ ಅಷ್ಟೇನೂ ವ್ಯತ್ಯಾಸ ಬರಲಿಲ್ಲ. ಎಡಗೈ ಪಾಠ ಕಲಿತು ಬಂದ ನನಗೆ ಇದು ಚುಚ್ಚಿತು. ಆಮೇಲೆ 2018ರಲ್ಲಿ ಸುಮಾರು 20 ಸಾವಿರ ರೋಗಿಗಳ ಮಾಹಿತಿ ಒಟ್ಟು ಹಾಕಿ ನೋಡಿದಾಗ ಸರಿಯಾದ ಸೂಜಿಯೇ ಮೇಲು ಅಂತ ಕಂಡಿತು, ಆದರೆ ಅಂತರ ಸಣ್ಣದು. ರೋಗಿಯನ್ನು ಮಲಗಿಸಿ, ಮುಟ್ಟಿ, ಅರ್ಧ ಗಂಟೆ ಜೊತೆಗಿರುವುದರಲ್ಲೂ ಔಷಧ ಇದೆ ಅಂತ ನಾನು ಒಪ್ಪುತ್ತೇನೆ. ಅದೂ ನನ್ನ ಕೆಲಸವೇ.

ಆ ಆಸ್ಪತ್ರೆಯ ಓಣಿಯ ವಾಸನೆ ಈಗಲೂ ಮೂಗಿನಲ್ಲಿದೆ. ಚೀನಾದಲ್ಲಿ ಈ ವಿದ್ಯೆಯ ಹೆಸರು ಝೆನ್‌ಜ್ಯೂ. ಝೆನ್ ಅಂದರೆ ಸೂಜಿ, ಜ್ಯೂ ಅಂದರೆ ಸೊಪ್ಪು ಸುಟ್ಟು ಬಿಸಿ ಕೊಡುವುದು. ನಾವು ಎರಡನೆಯದನ್ನು ಮರೆತೇಬಿಟ್ಟಿದ್ದೇವೆ. ಸುಡುವ ಸೊಪ್ಪು ಮಾಚಿಪತ್ರೆಯ ಜಾತಿಯದು. ಹೌದು, ಗಣೇಶನ ಪೂಜೆಗೆ ಏರಿಸುವ 21 ಪತ್ರೆಗಳಲ್ಲಿ ಬರುವ ಮಾಚಿಪತ್ರೆಯ ನೆಂಟ. ಒಣಗಿಸಿ ಕುಟ್ಟಿ ಹತ್ತಿಯ ಹಾಗೆ ಮಾಡಿ, ಬೀಡಿಗಿಂತ ದಪ್ಪಕ್ಕೆ ಸುತ್ತಿ, ತುದಿಗೆ ಬೆಂಕಿ ಹಚ್ಚಿ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರ ಹಿಡಿಯುತ್ತಾರೆ. ಹಳೆಯ ಮಂಡಿನೋವಿನವರು ಸೂಜಿಗಿಂತ ಇದನ್ನೇ ಕೇಳಿ ಪಡೆಯುತ್ತಿದ್ದರು.

ಒಬ್ಬ ಅಜ್ಜ ಕಾಲಿಗೆ ಹೀಗೆ ಬಿಸಿ ಹಿಡಿಸಿಕೊಳ್ಳುತ್ತಾ ನಾನು ಭಾರತದವ ಅಂತ ತಿಳಿದ ಕೂಡಲೇ "ಕೆ ದಿಹುವಾ!" ಅಂದ. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರ ಚೀನೀ ಹೆಸರು ಅದು. 1938ರಲ್ಲಿ ಯುದ್ಧದ ಗಾಯಾಳುಗಳಿಗೆ ನೆರವಾಗಲು ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಕೋಲ್ಕತ್ತಾದ ಡಾಕ್ಟರ್ ಬಿಜೊಯ್ ಕುಮಾರ್ ಬಸು ಮುಂದೆ ಈ ಸೂಜಿ ವಿದ್ಯೆ ಕಲಿತು ನಮ್ಮ ದೇಶಕ್ಕೆ ತಂದರು. ಚೀನಾದಲ್ಲೂ ಇದು ಸತತವಾಗಿ ಮೆರೆದ ವಿದ್ಯೆಯೇನಲ್ಲ. 1822ರಲ್ಲಿ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ತೆಗೆಸಿದ್ದ. ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ದೊಡ್ಡ ಹೆಸರು ಚೆಂಗ್ ದಾನ್‌ಆನ್, ನಾನ್‌ಜಿಂಗ್ ಶಾಲೆಯ ಮೊದಲ ಮುಖ್ಯಸ್ಥರು. ದಪ್ಪ ಸೂಜಿ ಬಿಡಿಸಿ ತೆಳು ಸೂಜಿ ಹಿಡಿಸಿದ್ದರಲ್ಲಿ, ಬಿಂದುಗಳನ್ನು ನರ, ರಕ್ತನಾಳ ನೋಡಿಕೊಂಡು ಗುರುತಿಸಿದ್ದರಲ್ಲಿ ಅವರ ಪಾಲು ದೊಡ್ಡದು.

ಈಗ ಊರಲ್ಲಿ ನನ್ನದೇ ಸಣ್ಣ ಕೋಣೆ. ಬರುವವರಲ್ಲಿ ಜಾಸ್ತಿ ಸೊಂಟ, ಮಂಡಿ, ಕುತ್ತಿಗೆ, ಅರೆತಲೆನೋವು. ಇವುಗಳಿಗೆ ನಾನು ಧೈರ್ಯವಾಗಿ ಸೂಜಿ ಹಾಕುತ್ತೇನೆ, ಆರೇಳು ಸಲಕ್ಕೆ ಏನೂ ಗುಣ ಕಾಣದಿದ್ದರೆ ನಿಲ್ಲಿಸುತ್ತೇನೆ. ವಾಕರಿಕೆಗೆ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಹಗ್ಗದ ಹಾಗೆ ಕೈಗೆ ಸಿಗುವ ಎರಡು ಸ್ನಾಯುರಜ್ಜುಗಳ ನಡುವೆ ಇರುವ ನೇಗ್ವಾನ್ ಬಿಂದು. ಆಪರೇಷನ್ ಆದಮೇಲಿನ ವಾಂತಿಗೆ ಇದು ನೆರವಾಗುತ್ತದೆ ಅನ್ನೋದಕ್ಕೆ ಒಳ್ಳೆ ಆಧಾರ ಇದೆ. ಬಸ್ಸಿನಲ್ಲಿ ವಾಂತಿ ಬರುವವರಿಗೆ ಸುಮ್ನೆ ಹೆಬ್ಬೆರಳಿನಿಂದ ಒತ್ತಿಕೊಳ್ಳಲು ಹೇಳಿಕೊಡುತ್ತೇನೆ.

ಬಾಯಿ ಸೊಟ್ಟ ಆದವರು ಬಂದಾಗ ಮಾತ್ರ ನನ್ನ ಕೈ ಸೂಜಿ ಡಬ್ಬಿಗೆ ಹೋಗುವುದಿಲ್ಲ. ಮೊದಲು "ಹುಬ್ಬು ಮೇಲೆತ್ತಿ" ಅನ್ನುತ್ತೇನೆ. ಒಂದು ಬದಿಯ ಹಣೆ ಗೆರೆ ಮೂಡದೆ ನುಣ್ಣಗೇ ಉಳಿದರೆ ಸಾಮಾನ್ಯವಾಗಿ ಮುಖದ ನರದ ತೊಂದರೆ. ಅವರನ್ನು ಅವತ್ತೇ ಡಾಕ್ಟರ ಹತ್ತಿರ ಕಳಿಸುತ್ತೇನೆ, ಸ್ಟಿರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು, ಸೂಜಿ ಆಮೇಲೆ ಜೊತೆಗೆ. ಹಣೆ ಎರಡೂ ಕಡೆ ಸರಿಯಾಗಿ ಮಡಿಚಿ, ಬಾಯಿ ಮಾತ್ರ ಎಳೆದಿದ್ದರೆ ಅದು ಮಿದುಳಿನ ಸ್ಟ್ರೋಕ್ ಇರಬಹುದು. ಹೋದ ಮಳೆಗಾಲ ಒಬ್ಬರು ಹಾಗೇ ಬಂದರು, ಬಲಗೈ ಎತ್ತಿ ಹಿಡಿಯಲು ಆಗುತ್ತಿರಲಿಲ್ಲ. ಮಗ "ಡಾಕ್ಟ್ರೇ, ಒಂದೆರಡು ಸೂಜಿ ಹಾಕಿ ನೋಡಿ" ಅಂದ. ನಾನು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಅಷ್ಟೇ ಸಮಯ. ಸೂಜಿ ಹಾಕಿ ಅರ್ಧ ಗಂಟೆ ಕಳೆಯುವ ಹಕ್ಕು ನನಗಿಲ್ಲ. ಶುಗರ್, ಕ್ಯಾನ್ಸರ್, ಕಿಡ್ನಿ ಇವನ್ನೆಲ್ಲ ಸೂಜಿಯಿಂದ ವಾಸಿ ಮಾಡುತ್ತೇವೆ ಅಂತ ಬೋರ್ಡ್ ಹಾಕಿದವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಸೂಜಿ ಹಾಕಿಸಿಕೊಳ್ಳುವವರು ಕವರ್ ನಿಮ್ಮೆದುರೇ ಒಡೆಯಲು ಹೇಳಿ, ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ. ಭುಜದ ಮೇಲೆ, ಎದೆ ಬೆನ್ನಿನ ಮೇಲೆ ಆಳಕ್ಕೆ ಚುಚ್ಚಲು ಬಿಡಬೇಡಿ. ಎದೆ ಬೆನ್ನು ರೊಟ್ಟಿಯಷ್ಟು ತೆಳು, ಹೊಟ್ಟೆ ಬಾವಿಯಷ್ಟು ಆಳ ಅಂತ ಚೀನೀ ಗಾದೆಯೇ ಇದೆ. ರೊಟ್ಟಿಯ ಆಚೆ ಶ್ವಾಸಕೋಶ. ಅದಕ್ಕೆ ತೂತು ಬಿದ್ದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಕೊನೆಗೆ ಎಣಿಕೆ. ಲಾವ್‌ಶಿ ಸೂಜಿ ತೆಗೆಯುವಾಗ ಜೋರಾಗಿ ಎಣಿಸುತ್ತಿದ್ದರು. ಒಂದು ಸಂಜೆ ನಾನು ಹನ್ನೊಂದು ಹಾಕಿದ್ದೆ, ತಟ್ಟೆಯಲ್ಲಿ ಹತ್ತು ಇತ್ತು. ಹಾಸಿಗೆ ಕೊಡವಿದೆವು, ನೆಲ ನೋಡಿದೆವು. ಆಮೇಲೆ ನೆನಪಾಗಿ ಲಿಫ್ಟ್ ಕಡೆ ಓಡಿದೆ. ಆ ಅಮ್ಮ ಚೀಲ ಹಿಡಿದು ನಿಂತಿದ್ದರು, ನೆತ್ತಿಯ ಬಿಳಿಕೂದಲ ನಡುವೆ ಬೆಳ್ಳಿ ಎಳೆಯ ಹಾಗೆ ಹನ್ನೊಂದನೆಯದು ನಿಂತಿತ್ತು. ಈಗ ನಾನು ಪ್ರತಿ ರೋಗಿಗೂ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ತಲೆಯ ಸೂಜಿಗಳನ್ನು ಬೇರೆ ಸಾಲಿನಲ್ಲಿ, ಕೆಂಪು ಪೆನ್ನಿನಲ್ಲಿ.