ಉತ್ತ ಗದ್ದೆಯಂತಾದ ಅರಬ್ಬಿ ಸಮುದ್ರ

ಉಪಗ್ರಹ ಕೊಟ್ಟ ಗಾಳಿಯ ಅಂಕಿಗಳನ್ನು, ಕಂಪ್ಯೂಟರಿನಲ್ಲಿ ಸಮುದ್ರದ ಚಲನೆಯನ್ನು ಲೆಕ್ಕ ಹಾಕುವ ನನ್ನ ಸಾಗರ ಮಾದರಿಗೆ ಮೊದಲ ಸಲ ಉಣಿಸಿದಾಗ ಪರದೆಯ ಮೇಲೆ ಅರಬ್ಬಿ ಸಮುದ್ರ ಉತ್ತ ಗದ್ದೆಯಂತೆ ಕಂಡಿತು. 50 ಮೀಟರ್ ಆಳದಲ್ಲಿ ಓರೆಯಾದ ಉದ್ದನೆಯ ಗೆರೆಗಳು: ಒಂದರಲ್ಲಿ ನೀರು ಮೇಲೇಳುತ್ತಿತ್ತು, ಮುಂದಿನದರಲ್ಲಿ ಇಳಿಯುತ್ತಿತ್ತು. ಸಮುದ್ರಕ್ಕೆ ಅಂತಹ ಅಭ್ಯಾಸವಿಲ್ಲ. ಅವು ಉಪಗ್ರಹ ನಡೆದ ದಾರಿಯ ಗುರುತುಗಳು.

ತಪ್ಪು ನನ್ನದೇ. ಮೆಟ್‌ಆಪ್ ಎಂಬ ಹವಾಮಾನ ಉಪಗ್ರಹದಲ್ಲಿರುವ, ಕಡಲ ಮೇಲಿನ ಗಾಳಿಯನ್ನು ತಿಳಿಸುವ ಆಸ್ಕ್ಯಾಟ್ ಉಪಕರಣ ತನ್ನ ದಾರಿಯ ಎಡಬಲಗಳಲ್ಲಿ ಸುಮಾರು 550 ಕಿ.ಮೀ. ಅಗಲದ ಎರಡು ಪಟ್ಟಿಗಳನ್ನಷ್ಟೇ ನೋಡುತ್ತದೆ. ನಡುವೆ ಉಳಿಯುವ ಖಾಲಿ ಜಾಗಕ್ಕೆ ನಾನು ಇಆರ್‌ಎ5 ಎಂಬ ಯುರೋಪಿನ ಹವಾಮಾನ ದತ್ತಾಂಶದ ಗಾಳಿಯ ತೇಪೆ ಹಾಕಿದ್ದೆ. ಗಾಳಿ ನೀರನ್ನು ಎಳೆಯುವ ಬಲ, ಅಂದರೆ ಎಳೆತ, ಗಾಳಿಯ ವೇಗದ ವರ್ಗವನ್ನು (ವೇಗವನ್ನು ಅದರಿಂದಲೇ ಗುಣಿಸಿದ್ದನ್ನು) ಅನುಸರಿಸುತ್ತದೆ. ಪಟ್ಟಿಯಿಂದ ತೇಪೆಗೆ ದಾಟುವಾಗ ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದದ್ದು 9 ಆದರೆ ಎಳೆತದಲ್ಲಿ ಸುಮಾರು ಐದನೇ ಒಂದು ಭಾಗ ಹೋಯಿತು. ಅದಕ್ಕಿಂತ ಮುಖ್ಯವಾಗಿ, ನಡುಗಡಲಿನಲ್ಲಿ ನೀರನ್ನು ಏಳಿಸಿ ಇಳಿಸುವುದು ಎಳೆತದ ಪ್ರಮಾಣವಲ್ಲ, ಅದು ಜಾಗದಿಂದ ಜಾಗಕ್ಕೆ ಬದಲಾಗುವ ರೀತಿ. ನನ್ನ ತೇಪೆಯ ಹೊಲಿಗೆಯಲ್ಲಿ ಆ ಬದಲಾವಣೆ ಗೋಡೆಯಂತೆ ನಿಂತಿತ್ತು.

ಹಾಗೆಂದು ಇಆರ್‌ಎ5 ಒಂದನ್ನೇ ನಂಬುವ ಮನಸ್ಸೂ ಇರಲಿಲ್ಲ. ಮುನ್ಸೂಚನೆಯ ಮಾದರಿಯಿಂದಲೇ ಹುಟ್ಟಿದ ಅದು ಗಂಟೆಗಂಟೆಗೂ ಸಿಗುತ್ತದೆ, ಎಲ್ಲೂ ತೂತಿಲ್ಲ. ಆದರೆ ಇಸ್ತ್ರಿ ಹಾಕಿದ ಗಾಳಿ ಅದು. ಸೊಮಾಲಿಯಾ ತೀರದಿಂದ ಹೊರಡುವ ಮುಂಗಾರಿನ ಬಿರುಗಾಳಿಯ ಅಂಚುಗಳೆಲ್ಲ ಅದರಲ್ಲಿ ಮಸುಕು.

ಕೊನೆಗೆ ಗಾಳಿಯನ್ನು ಬೆರೆಸುವುದನ್ನು ಬಿಟ್ಟು ವ್ಯತ್ಯಾಸವನ್ನು ಬೆರೆಸಿದೆ. ಉಪಗ್ರಹ ಹಾದುಹೋದ ಹೊತ್ತಿನ ಇಆರ್‌ಎ5 ಗಾಳಿಯನ್ನು ಉಪಗ್ರಹದ ಗಾಳಿಯಿಂದ ಕಳೆದು, ಉಳಿದದ್ದನ್ನು ಹದಿನೈದು ದಿನಗಳಿಗೆ ಸರಾಸರಿ ಮಾಡಿ, ಇಆರ್‌ಎ5ರ ಗಂಟೆವಾರು ಗಾಳಿಗೆ ಕೂಡಿಸಿದೆ. ಅಷ್ಟು ದಿನಗಳಲ್ಲಿ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಖಾಲಿ ಜಾಗಗಳು ತುಂಬಿಕೊಳ್ಳುತ್ತವೆ. ಗೆರೆಗಳು ಮಾಯವಾದವು.

ಆದರೂ ಮಾದರಿಯಲ್ಲಿ ಜುಲೈ ತಿಂಗಳ ಸೊಮಾಲಿ ಪ್ರವಾಹ, ಅಂದರೆ ಸೊಮಾಲಿಯಾ ತೀರದುದ್ದಕ್ಕೂ ಓಡುವ ಕಡಲ ನೀರು, ಸೋತಂತೆ ಹರಿಯುತ್ತಿತ್ತು. ಕಾರಣ ಹುಡುಕಲು ವಾರಗಳೇ ಬೇಕಾದವು. ಆಸ್ಕ್ಯಾಟ್‌ನಂತಹ ಸ್ಕ್ಯಾಟರೋಮೀಟರ್ ಗಾಳಿಯನ್ನು ನೇರವಾಗಿ ಅಳೆಯುವುದೇ ಇಲ್ಲ. ನೀರಿನ ಮೇಲ್ಮೈ ಎಷ್ಟು ಒರಟಾಗಿದೆ ಎಂದು ರೇಡಾರ್‌ನಿಂದ ನೋಡಿ ಗಾಳಿಯನ್ನು ಲೆಕ್ಕ ಹಾಕುತ್ತದೆ. ಗಾಳಿ ಬೀಸಿದ ದಿಕ್ಕಿಗೇ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡುತ್ತಿದ್ದರೆ 14 ಮೀಟರ್ ಗಾಳಿ 12 ಆಗಿ ಕಾಣುತ್ತದೆ. ನನ್ನ ಮಾದರಿಯೂ ಪ್ರವಾಹದ ವೇಗವನ್ನು ಗಾಳಿಯಿಂದ ಕಳೆಯುತ್ತಿತ್ತು. ಒಂದೇ ಸಾಲವನ್ನು ಎರಡು ಸಲ ತೀರಿಸಿದ ಹಾಗೆ! ಸಮುದ್ರ ಮೇಲ್ಮೈಯ ಎತ್ತರವನ್ನು ಅಳೆಯುವ ಉಪಗ್ರಹಗಳಿಂದ ಪಡೆದ ಪ್ರವಾಹದ ವೇಗವನ್ನು ಮೊದಲೇ ಉಪಗ್ರಹದ ಗಾಳಿಗೆ ಕೂಡಿಸಿದ ಮೇಲೆ ಲೆಕ್ಕ ಸರಿಹೋಯಿತು.

ನಮ್ಮ ಕರಾವಳಿಯ ಹತ್ತಿರ ಮಾತ್ರ ಈ ಉಪಾಯ ನಡೆಯಲಿಲ್ಲ. ಆಸ್ಕ್ಯಾಟ್ ಹಾಯುವುದು ಸ್ಥಳೀಯ ಸಮಯ ಬೆಳಿಗ್ಗೆ ಮತ್ತು ರಾತ್ರಿ ಒಂಬತ್ತೂವರೆಯ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ಮಂಗಳೂರು, ಕಾರವಾರಗಳಲ್ಲಿ ಮಧ್ಯಾಹ್ನ ಬೀಸುವ ಕಡಲಗಾಳಿ ಅದಕ್ಕೆ ಗೊತ್ತೇ ಇಲ್ಲ. ತೀರಕ್ಕೆ ತೀರ ಹತ್ತಿರವಾದರೆ ನೆಲದ ಪ್ರತಿಧ್ವನಿ ಬೇರೆ ಬೆರೆಯುತ್ತದೆ. ಬೆಳಗಿನ ತಿದ್ದುಪಡಿಯನ್ನು ಮಧ್ಯಾಹ್ನ ಮೂರು ಗಂಟೆಯ ಗಾಳಿಗೆ ಹಚ್ಚಲು ಮನಸ್ಸೊಪ್ಪದೆ, ತೀರದ ಕಡೆಗೆ ಬಂದಂತೆ ಅದರ ತೂಕವನ್ನು ಸೊನ್ನೆಗೆ ಇಳಿಸಿದೆ. ದೋಣಿಗಳು ಓಡಾಡುವ ಆ ಪಟ್ಟಿಯಲ್ಲಿ ನನ್ನ ಮಾದರಿಗೆ ಇಂದಿಗೂ ಇಆರ್‌ಎ5 ಹೇಳಿದ್ದೇ ಗಾಳಿ.