ಕತ್ತರಿಸಿ ಎಸೆಯುತ್ತಿದ್ದ ಪದರ

ಹಂದಿಯ ಹೃದಯದಿಂದ ಕರೋನರಿ ಅಪಧಮನಿಯನ್ನು (ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳ) ಬಿಡಿಸುವವರಿಗೆ ಕಲಿಸುವ ಮೊದಲ ಪಾಠ: ಕೊಬ್ಬು, ಹೊರಪದರ ಎಲ್ಲವನ್ನೂ ಕತ್ತರಿಸಿ ನಾಳವನ್ನು ಶುಚಿ ಮಾಡಬೇಕು. ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ಒಂದು ದಿನ ಹೃದಯ ಕೈಗೆ ಬಂದದ್ದೇ ತಡವಾಗಿ, ನಾಳದಿಂದ ಕತ್ತರಿಸಿದ ಕೆಲವು ಉಂಗುರಗಳನ್ನು ಅರೆಬರೆ ಶುಚಿ ಮಾಡಿ ತೂಗುಹಾಕಿಬಿಟ್ಟೆ.

ಕೆಲಸದ ಬಗೆ ಸರಳ. 3 ಮಿ.ಮೀ. ಉದ್ದದ ಉಂಗುರವನ್ನು ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿ 37 ಡಿಗ್ರಿಯ ಲವಣ ದ್ರಾವಣದಲ್ಲಿ ಇಳಿಬಿಡುತ್ತೇನೆ. ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಸ್ನಾಯು ಬಿಗಿಯುತ್ತದೆಯೇ ಎಂದು ನೋಡುತ್ತೇನೆ. ನಾಳದ ಒಳಪೊರೆ ಬದುಕಿದೆಯೇ ಎಂದು ತಿಳಿಯಲು ಬ್ರಾಡಿಕೈನಿನ್: ಬದುಕಿದ್ದರೆ ಉಂಗುರ ಸಡಿಲವಾಗುತ್ತದೆ. (ಶುರುವಿನಲ್ಲಿ ಇದೇ ಪರೀಕ್ಷೆಗೆ ಅಸಿಟೈಲ್‌ಕೋಲಿನ್ ಹಾಕಿದಾಗ ಉಂಗುರ ಸಡಿಲವಾಗುವ ಬದಲು ಬಿಗಿದುಕೊಂಡಿತು. ಒಳಪೊರೆಯನ್ನು ನಾನೇ ಕೆರೆದು ಹಾಳುಮಾಡಿದೆನೆಂದು ಒಂದು ವಾರ ಕೊರಗಿದೆ. ಹಂದಿಯ ಕರೋನರಿಯ ಸ್ವಭಾವವೇ ಹಾಗೆ!)

ಆ ದಿನ ಹಾಕಿದ್ದು 48/80 ಎಂಬ ಸಂಯುಕ್ತ. ಅಲರ್ಜಿಯಲ್ಲಿ ಮುಂಚೂಣಿಯಲ್ಲಿರುವ ರೋಗನಿರೋಧಕ ಕೋಶಗಳಾದ ಮಾಸ್ಟ್ ಕೋಶಗಳನ್ನು ಅದು ಕೆರಳಿಸುತ್ತದೆ. ಶುಚಿಯಾದ ಉಂಗುರದ ಬಿಗಿತವನ್ನು ದಾಖಲಿಸುವ ಗೆರೆ ಹೆಚ್ಚುಕಡಿಮೆ ಅಲುಗಲಿಲ್ಲ. ಅರೆಬರೆಯದು ಕೆಲವೇ ನಿಮಿಷಗಳಲ್ಲಿ ಮೇಲೇರಿತು. ಉಪಕರಣದ ದೋಷವಿರಬೇಕೆಂದು ಕೊಕ್ಕೆಗಳನ್ನು ಅದಲುಬದಲು ಮಾಡಿ, ಹೊಸ ಉಂಗುರಗಳನ್ನು ಹಾಕಿದೆ. ಮತ್ತೆ ಅದೇ. ಟೊಲ್ಯುಡಿನ್ ನೀಲಿ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೊರಪದರದಲ್ಲಿ ನೇರಳೆ ಕಣಗಳನ್ನು ತುಂಬಿಕೊಂಡ ಮಾಸ್ಟ್ ಕೋಶಗಳು. ಔಷಧ ತಾಗಿದ ತುಣುಕುಗಳಲ್ಲಿ ಕಣಗಳು ಹೊರಗೆ ಚೆಲ್ಲಿದ್ದವು. ಎರಡು ವರ್ಷ ನಾನು ಕಸದ ಡಬ್ಬಿಗೆ ಹಾಕಿದ್ದು ಇವನ್ನೇ.

ಮಾಸ್ಟ್ ಕೋಶದ ಕಣಗಳಲ್ಲಿರುವ ಹಿಸ್ಟಮಿನ್ ಸ್ನಾಯುವಿನಲ್ಲಿ ಅಂಟಿಕೊಳ್ಳುವ ಎಚ್1 ಗ್ರಾಹಕವನ್ನು ಮೆಪಿರಮಿನ್ ಎಂಬ ಔಷಧದಿಂದ ಮೊದಲೇ ಮುಚ್ಚಿದಾಗ ಬಿಗಿತ ಬಹುಪಾಲು ಇಳಿಯಿತು, ಪೂರ್ತಿಯಲ್ಲ. ಉಳಿದದ್ದು ನಿಧಾನವಾಗಿ ಏರುವ ಸಣ್ಣ ಬಿಗಿತ. ನನ್ನ ಗುಮಾನಿ ಮಾಸ್ಟ್ ಕೋಶಗಳೇ ಹೊರಬಿಡುವ ಇನ್ನೊಂದು ಬಗೆಯ ರಾಸಾಯನಿಕಗಳಾದ ಲ್ಯೂಕೋಟ್ರೈನ್‌ಗಳ ಮೇಲಿದೆ. ಒಳಪೊರೆಯನ್ನು ಉಜ್ಜಿ ತೆಗೆದ ಉಂಗುರಗಳು ಇನ್ನೂ ಜೋರಾಗಿ ಬಿಗಿದವು. ಹಿಸ್ಟಮಿನ್ ಒಂದು ಕಡೆ ಸ್ನಾಯುವನ್ನು ಬಿಗಿಸಿದರೆ, ಇನ್ನೊಂದು ಕಡೆ ಒಳಪೊರೆಯಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸಿ ಸಡಿಲಿಸುತ್ತದೆ; ಪೊರೆ ಹೋದ ಮೇಲೆ ತಡೆಯುವವರಿಲ್ಲ. ಅಲರ್ಜಿಯ ಜೊತೆಗೇ ಬರುವ ಎದೆನೋವನ್ನು ಹೃದ್ರೋಗ ತಜ್ಞ ಕೌನಿಸ್ 1991ರಲ್ಲಿ ವಿವರಿಸಿದ್ದನ್ನು ಹಿಂದೆಯೇ ಓದಿದ್ದೆ. ಅದು ಮನಸ್ಸಿಗೆ ಇಳಿದದ್ದು ಈ ಗೆರೆಗಳನ್ನು ಕಂಡ ಮೇಲೆ.

ಈಗ ಒಂದೇ ನಾಳದಿಂದ ಅಕ್ಕಪಕ್ಕದ ಎರಡು ಉಂಗುರ ಕತ್ತರಿಸುತ್ತೇನೆ: ಒಂದಕ್ಕೆ ಹೊರಪದರವುಂಟು, ಇನ್ನೊಂದಕ್ಕಿಲ್ಲ. ಶುಚಿ ಮಾಡುವಾಗ ಕತ್ತರಿ ಸ್ನಾಯುವಿಗೇ ತಾಗಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ. ಆದ್ದರಿಂದ ಪೊಟ್ಯಾಸಿಯಂಗೆ ಸಮಸಮವಾಗಿ ಬಿಗಿಯದ ಜೋಡಿಯನ್ನು, ಎಷ್ಟೇ ಹೊಟ್ಟೆ ಉರಿದರೂ, ಲೆಕ್ಕಕ್ಕೆ ಸೇರಿಸುವುದಿಲ್ಲ.